ಮೊದಲ ಸ್ನೋಬೋರ್ಡ್ ಬೈಂಡಿಂಗ್: ಕ್ಯಾಲ್ಗರಿಗೆ ಹೊಸದಾಗಿ ಬಂದವರಿಗೆ, ಎರಡು ಸಲ ಕೈ ಸುಟ್ಟುಕೊಂಡವನಿಂದ

ಸಿನ್ ನಂಬರ್, ಆಲ್ಬರ್ಟಾ ಹೆಲ್ತ್ ಕಾರ್ಡ್, ಬ್ಯಾಂಕ್ ಖಾತೆ, ಡ್ರೈವಿಂಗ್ ಟೆಸ್ಟ್ ಎಲ್ಲ ಮುಗಿದಿದೆ ಅಂದುಕೊಳ್ಳುತ್ತೇನೆ. ಅದನ್ನು ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಕಾರಿಗೆ ವಿಂಟರ್ ಟೈರ್ ಹಾಕಿಸಿ, ಮುಂದೆ ಹೋಗೋಣ.

ನಾನು ಹೇಳಹೊರಟಿರುವುದು ಎರಡನೇ ಚಳಿಗಾಲದ ವಿಷಯ. ಮೊದಲನೆಯದು ಹಿಮದ ಫೋಟೊ ಊರಿಗೆ ಕಳಿಸುವುದರಲ್ಲೇ ಕಳೆದುಹೋಗುತ್ತದೆ. ಎರಡನೆಯದರಲ್ಲಿ, ಜನವರಿಯ ಮೈನಸ್ 25ರಲ್ಲಿ ಮನೆಯೊಳಗೆ ಕೂತು ಕೂತು ಸಾಕಾಗಿ, ಆಫೀಸಿನಲ್ಲಿ ಯಾರೋ ಬೆಟ್ಟಕ್ಕೆ ಬರ್ತೀಯಾ ಅಂದ ಕೂಡಲೇ ಹೂಂ ಅಂದುಬಿಡುತ್ತೀರಿ. ಎರಡು ಸಲ ಬಾಡಿಗೆ ಸ್ನೋಬೋರ್ಡಿನಲ್ಲಿ, ಅಂದರೆ ಎರಡೂ ಕಾಲು ಬಿಗಿದುಕೊಂಡು ಹಿಮದ ಮೇಲೆ ಜಾರುವ ಹಲಗೆಯಲ್ಲಿ, ಬಿದ್ದು ಎದ್ದು ಬರುತ್ತೀರಿ. ಮೂರನೇ ವಾರ ಸ್ವಂತದ್ದು ತಗೊಂಡುಬಿಡೋಣ ಅನಿಸುತ್ತದೆ. ಅಲ್ಲಿಗೆ ನಮ್ಮ ಊರಿನ ಬುದ್ಧಿ ಎಚ್ಚರಾಗುತ್ತದೆ.

ನನ್ನ ಕಥೆ ಕೇಳಿ. ಬೋರ್ಡ್ ಒಬ್ಬ ಸಹೋದ್ಯೋಗಿ ಕೊಟ್ಟಿದ್ದು, ಹಳೆಯದು ಆದರೆ ಗಟ್ಟಿ. ಬೈಂಡಿಂಗ್ ಮಾತ್ರ ಇರಲಿಲ್ಲ. ಬೈಂಡಿಂಗ್ ಅಂದರೆ ಬೂಟನ್ನು ಬೋರ್ಡಿಗೆ ಹಿಡಿದಿಡುವ ಜೋಡಿ: ಕೆಳಗೆ ಬೇಸ್‌ಪ್ಲೇಟ್, ಹಿಂದೆ ಹೈಬ್ಯಾಕ್, ಪಾದದ ಗೆಣ್ಣಿನ ಹತ್ತಿರ ಒಂದು ಪಟ್ಟಿ, ಬೆರಳಿನ ಹತ್ತಿರ ಇನ್ನೊಂದು. ಸೆಕೆಂಡ್ ಹ್ಯಾಂಡ್ ಜಾಹೀರಾತಿನಲ್ಲಿ ಬರ್ಟನ್ ಕಂಪನಿಯದ್ದೇ ಜೋಡಿ ಸಿಕ್ಕಿತು, 120 ಡಾಲರ್. ಒಂದು ಅಂಗಡಿಯ ಪಾರ್ಕಿಂಗ್ ಲಾಟಿನಲ್ಲಿ, ಕೈ ಮರಗಟ್ಟುವ ಚಳಿಯಲ್ಲಿ, 80ಕ್ಕೆ ಇಳಿಸಿದೆ. ಸಿರ್ಸಿ ಸಂತೆಯಲ್ಲಿ ಪಳಗಿದ ನಾಲಿಗೆ. ಮಾರುವ ಹುಡುಗ ಪಾಪ ಕೇಳಿದ, ನಿನ್ನದು ಯಾವ ಬೋರ್ಡ್, ಚಾನೆಲ್ ಇದೆಯಾ ಅಂತ. ನಾನು ತಲೆ ಆಡಿಸಿದೆ. ನಮ್ಮ ಆ ಆಡಿಸುವಿಕೆ ಗೊತ್ತಲ್ಲ, ಹೌದೂ ಅಲ್ಲ ಇಲ್ಲವೂ ಅಲ್ಲ. ಗೊತ್ತಿಲ್ಲ ಅಂತ ಒಂದು ಮಾತು ಹೇಳಿದ್ದರೆ 80 ಡಾಲರ್ ಉಳಿಯುತ್ತಿತ್ತು.

ಮನೆಗೆ ಬಂದು ಬೇಸ್‌ಮೆಂಟಿನಲ್ಲಿ ಬೋರ್ಡ್ ಮಲಗಿಸಿ ನೋಡಿದರೆ, ಬೈಂಡಿಂಗಿನ ನಡುವೆ ಡಿಸ್ಕೇ ಇಲ್ಲ, ಅಂದರೆ ಸ್ಕ್ರೂ ಹಾಕಿ ಬೋರ್ಡಿಗೆ ಬಿಗಿಯುವ ದುಂಡನೆ ಬಿಲ್ಲೆ ಇಲ್ಲ, ಖಾಲಿ. ಅದು ಇಎಸ್‌ಟಿ ಎನ್ನುವ ಜಾತಿ. ಬೋರ್ಡಿನ ಉದ್ದಕ್ಕೆ ಕೊರೆದ ಸಂದು ಇರುತ್ತದಲ್ಲ, ಚಾನೆಲ್ ಅನ್ನುತ್ತಾರೆ, ಅದಕ್ಕೆ ಮಾತ್ರ ಕೂರುತ್ತದೆ. ನನ್ನ ಬೋರ್ಡಿನಲ್ಲಿ ಇದ್ದದ್ದು ಸಾಲು ಸಾಲು ಸ್ಕ್ರೂ ತೂತು. ಹೇಗಾದರೂ ಹೊಂದಿಸೋಣ ಅಂತ ಡ್ರಿಲ್ ಕೈಗೆತ್ತಿಕೊಂಡಿದ್ದೆ. ಹೆಂಡತಿ ಮೆಟ್ಟಿಲ ಮೇಲಿಂದ ನೋಡಿ, "ಅದರ ಮೇಲೆ ನೀವೇ ತಾನೆ ಬೆಟ್ಟದಿಂದ ಇಳಿಯೋದು?" ಅಂದಳು. ಡ್ರಿಲ್ ಒಳಗಿಟ್ಟೆ.

ಅದಕ್ಕೇ ಮೊದಲ ಕೆಲಸ, ನಿಮ್ಮ ಬೋರ್ಡನ್ನು ಮೇಲಿನಿಂದ ಸರಿಯಾಗಿ ನೋಡಿ. ಪ್ರತಿ ಕಾಲಿನ ಜಾಗದಲ್ಲಿ ಎರಡು ಸಾಲು ತೂತು ಇದ್ದು, ಅಕ್ಕಪಕ್ಕ ನಾಲ್ಕು ಸೆಂಟಿಮೀಟರ್, ಉದ್ದಕ್ಕೂ ನಾಲ್ಕು ಸೆಂಟಿಮೀಟರ್ ಅಂತರ ಇದ್ದರೆ ಅದು 4×4. ಉದ್ದಕ್ಕೆ ಎರಡೆರಡು ಸೆಂಟಿಮೀಟರಿಗೆ ತೂತು ಇದ್ದರೆ 2×4. ಇದರಲ್ಲಿ ಕಾಲನ್ನು ಹಿಂದೆ ಮುಂದೆ ಸರಿಸಿಕೊಳ್ಳಲು ಜಾಗ ಜಾಸ್ತಿ. ಮೂರು ಮೂರು ತೂತಿನ ತ್ರಿಕೋನ ಕಂಡರೆ ಬರ್ಟನ್ನಿನ ಹಳೆಯ 3ಡಿ. ಉದ್ದ ಸಂದು ಇದ್ದರೆ ಚಾನೆಲ್. ಈಗಿನ ಹೆಚ್ಚಿನ ಬೈಂಡಿಂಗ್‌ಗಳು ತೂತಿನ ಬೋರ್ಡಿಗೂ ಚಾನೆಲ್‌ಗೂ ಹೊಂದುವ ಡಿಸ್ಕ್ ಜೊತೆ ಬರುತ್ತವೆ. ಬರ್ಟನ್ನಿನವರೇ ರೀಫ್ಲೆಕ್ಸ್ ಎಂದು ಮಾರುವುದು, ಸರಿಯಾದ ಡಿಸ್ಕ್ ಇದ್ದರೆ, ಎಲ್ಲಕ್ಕೂ ಆಗುತ್ತದೆ. ಬೋರ್ಡಿನ ಫೋಟೊ ಫೋನಿನಲ್ಲಿ ಇಟ್ಟುಕೊಂಡು ಅಂಗಡಿಗೆ ಹೋಗಿ, ತೋರಿಸಿ ಕೇಳಿ. ಸೆಕೆಂಡ್ ಹ್ಯಾಂಡ್ ಆದರೆ ಡಿಸ್ಕ್, ಸ್ಕ್ರೂ ಎಲ್ಲ ಇದೆಯಾ ಎಣಿಸಿ. ಸ್ಕ್ರೂ ಎಂ6 ಸೈಜಿನದು, ಆದರೆ ಉದ್ದವೂ ಮುಖ್ಯ. ಜಾಸ್ತಿ ಉದ್ದದ್ದು ಹಾಕಿ ಬಿಗಿದರೆ ಬೋರ್ಡಿನ ತಳದಲ್ಲಿ ಉಬ್ಬು ಬರುತ್ತದೆ.

ಇಷ್ಟಕ್ಕೇ ಬುದ್ಧಿ ಬಂತು ಅಂದುಕೊಂಡಿರಾ? ಇಲ್ಲ.

ಮುಂದಿನ ಶನಿವಾರ ಅಂಗಡಿಗೆ ಹೋದೆ. ಈ ಸಲ ನಮ್ಮ ಇನ್ನೊಂದು ಗಾದೆ ನೆನಪಾಯಿತು, ಕೊಂಡರೆ ಒಳ್ಳೆಯದೇ ಕೊಳ್ಳಬೇಕು, ಪದೇ ಪದೇ ಯಾರು ಕೊಳ್ಳುತ್ತಾರೆ ಅಂತ. ಹಾಗಾಗಿ ಇದ್ದುದರಲ್ಲೇ ಗಟ್ಟಿಯಾದ, ದುಬಾರಿಯಾದ ಜೋಡಿ ಎತ್ತಿಕೊಂಡೆ. ಹತ್ತರಲ್ಲಿ ಎಂಟು ಅಂತ ಬರೆದಿತ್ತು, ನೂರಕ್ಕೆ ಎಂಬತ್ತು ಅಂಕ ಬಂದ ಹಾಗೆ ಖುಷಿಯಾಯಿತು. ಅದು ಅಂಕ ಅಲ್ಲ ಮಾರಾಯರೇ. ಅದು ಫ್ಲೆಕ್ಸ್, ಎಷ್ಟು ಬಾಗುತ್ತದೆ, ಎಷ್ಟು ಬಿರುಸು ಅನ್ನುವ ಲೆಕ್ಕ. ಒಂದು ಅಂದರೆ ತುಂಬಾ ಮೆತ್ತಗೆ, ಹತ್ತು ಅಂದರೆ ಹಲಗೆ. ಎಂಟು ಇರುವುದು ವೇಗವಾಗಿ ಕಡಿದಾದ ಇಳಿಜಾರಿನಲ್ಲಿ ಹೋಗುವವರಿಗೆ. ನನ್ನ ಬೋರ್ಡ್ ಮೂರೋ ನಾಲ್ಕೋ. ಮೆತ್ತನೆ ಬೋರ್ಡಿಗೆ ಬಿರುಸು ಬೈಂಡಿಂಗ್ ಹಾಕಿದರೆ ಕಾಲಿನ ಸಣ್ಣ ನಡುಕವೂ ನೇರ ಅಂಚಿಗೆ ಹೋಗುತ್ತದೆ. ಕಲಿಯುವವನ ಕಾಲಿನಲ್ಲಿ ನಡುಕ ಬಿಟ್ಟು ಇನ್ನೇನಿರುತ್ತದೆ? ಉಲ್ಟಾ ಮಾಡಿದರೆ, ಅಂದರೆ ಬಿರುಸು ಬೋರ್ಡಿಗೆ ಮೆತ್ತನೆ ಬೈಂಡಿಂಗ್, ನೀವು ಎಷ್ಟು ಒತ್ತಿದರೂ ಬೋರ್ಡ್ ಮಾತು ಕೇಳುವುದಿಲ್ಲ. ಹೊಸಬರಿಗೆ ಬೋರ್ಡಿನ ಅಂಕಿಗೆ ಹತ್ತಿರ ಇರುವ ಮೂರರಿಂದ ಐದರೊಳಗಿನದ್ದು ಸಾಕು. ಒಂದು ಕಂಪನಿಯ ಐದು ಇನ್ನೊಂದರ ಐದು ಅಲ್ಲ, ಅಳತೆಗೋಲು ಅವರವರದ್ದೇ. ಅಂಗಡಿಯಲ್ಲಿ ಕೈಯಿಂದ ಹೈಬ್ಯಾಕ್ ತಿರುಚಿ ನೋಡಿ, ಗೊತ್ತಾಗುತ್ತದೆ.

ಬೂಟಿನ ವಿಷಯಕ್ಕೆ ಬಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ, ನನ್ನ ಮೇಲೇ. ಜೂನ್ ತಿಂಗಳಲ್ಲಿ ಶಾಲೆಗೆ ಶೂ ಕೊಡಿಸುವಾಗ "ಬೆಳೆಯೋ ಕಾಲು" ಅಂತ ಒಂದು ಸೈಜ್ ದೊಡ್ಡದು ಕೊಡಿಸಿ ಮುಂದೆ ಹತ್ತಿ ತುರುಕುತ್ತಿದ್ದರಲ್ಲ, ಅದು ನಮ್ಮ ರಕ್ತದಲ್ಲೇ ಇದೆ. ನಾನು 36 ವರ್ಷದವನು, ನನ್ನ ಕಾಲು ಬೆಳೆಯುವುದು ನಿಂತು ಕಾಲವಾಗಿದೆ. ಆದರೂ ಒಂದೂವರೆ ಸೈಜ್ ದೊಡ್ಡ ಬೂಟು ಕೊಂಡೆ, ಎರಡು ಜೊತೆ ಉಣ್ಣೆ ಸಾಕ್ಸ್ ಹಾಕಿದರೆ ಬೆಚ್ಚಗಿರುತ್ತದೆ ಅಂತ. ಬೂಟು ದೊಡ್ಡದಾದ್ದರಿಂದ ಬೈಂಡಿಂಗೂ ದೊಡ್ಡದು ಬೇಕಾಯಿತು. ಒಂದು ತಪ್ಪು ಇನ್ನೊಂದನ್ನು ಕೈ ಹಿಡಿದು ಕರೆದುಕೊಂಡು ಬಂತು.

ಬೆಟ್ಟದ ಮೇಲೆ ಏನಾಯಿತು ಅಂದರೆ, ತಿರುಗಲು ಹೋದಾಗ ಬೂಟಿನೊಳಗೆ ನನ್ನ ಹಿಮ್ಮಡಿ ಏಳುತ್ತದೆ, ಬೂಟು ಏಳುವುದಿಲ್ಲ. ನಾನು ಒಂದು ಕಡೆ, ಬೋರ್ಡ್ ಇನ್ನೊಂದು ಕಡೆ. ಅಂಚು ಹಿಮಕ್ಕೆ ಸಿಕ್ಕಿಕೊಂಡು ಮುಖ ಅಡಿಯಾಗಿ ಬಿದ್ದೆ, ಕೈ ಊರಿದೆ, ಮಣಿಕಟ್ಟು ಉಳುಕಿತು. ಆರು ವಾರ ಎಡಗೈಯಲ್ಲಿ ಅನ್ನ ಕಲೆಸಿದ್ದು ನಾನು. ಹೊಸಬರಿಗೆ ಮಣಿಕಟ್ಟಿನ ಪೆಟ್ಟು ಬಹಳ ಸಾಮಾನ್ಯ. ಹೆಲ್ಮೆಟ್ ಜೊತೆ ರಿಸ್ಟ್ ಗಾರ್ಡ್ ಕೊಳ್ಳಿ, ನಾಚಿಕೆ ಬೇಡ. ಇನ್ನೊಂದು ಗೊತ್ತಿರಲಿ, ಜೋರಾಗಿ ಬಿದ್ದರೆ ಸ್ಕೀ ಬೈಂಡಿಂಗ್ ತಾನಾಗಿ ಕಳಚಿಕೊಳ್ಳುತ್ತದೆ. ಸ್ನೋಬೋರ್ಡಿನದು ಹಾಗಲ್ಲ, ನೀವು ಕೈಯಾರೆ ಬಿಚ್ಚುವ ತನಕ ಬಿಡುವುದಿಲ್ಲ.

ಹಾಗಾಗಿ ಬೂಟು ಮೊದಲು, ಬೈಂಡಿಂಗ್ ಆಮೇಲೆ. ಹಿಮ್ಮಡಿಯನ್ನು ಗೋಡೆಗೆ ಒತ್ತಿ ನಿಂತು ಪಾದದ ಉದ್ದ ಅಳೆಯಿರಿ. 26.5 ಸೆಂಟಿಮೀಟರ್ ಬಂದರೆ ಬೂಟಿನ ಮೇಲೆ 26.5 ಅಂತ ಬರೆದಿರುವುದನ್ನೇ ಹುಡುಕಿ. ಊರಿನ ಬಾಟಾ ಅಂಗಡಿಯ ನಂಬರ್ ಇಲ್ಲಿ ನಡೆಯುವುದಿಲ್ಲ, ಅಲ್ಲಿಯ 8 ಇಲ್ಲಿ ಗಂಡಸರ 9ರ ಆಸುಪಾಸು. ನೆಟ್ಟಗೆ ನಿಂತಾಗ ಹೆಬ್ಬೆರಳು ಬೂಟಿನ ತುದಿಗೆ ತಾಗಬೇಕು, ಮೊಣಕಾಲು ಬಗ್ಗಿಸಿದಾಗ ಚೂರು ಹಿಂದೆ ಬರಬೇಕು. ಸಾಕ್ಸ್ ಒಂದೇ ಜೊತೆ, ತೆಳ್ಳಗಿನದು. ಎರಡು ಹಾಕಿದರೆ ಬೂಟು ಬಿಗಿದು ರಕ್ತ ಓಡುವುದಿಲ್ಲ, ಬೆವರುತ್ತದೆ, ಕಾಲು ಇನ್ನೂ ತಣ್ಣಗಾಗುತ್ತದೆ. ಆ ಬೂಟನ್ನು ಅಂಗಡಿಗೆ ಹೊತ್ತುಕೊಂಡು ಹೋಗಿ ಬೈಂಡಿಂಗಿನಲ್ಲಿ ಇಟ್ಟು ನೋಡಿ. ಹಿಮ್ಮಡಿ ಹಿಂದೆ ಪೂರ್ತಿ ಕೂರಬೇಕು, ಪಕ್ಕಕ್ಕೆ ಅಲುಗಾಡಬಾರದು, ಪಟ್ಟಿಗಳು ಬೂಟಿನ ನಡುವೆ ಬರಬೇಕು. ಪಟ್ಟಿ ಕೊನೆಯ ಹಲ್ಲಿಗೆ ಬಂದು ನಿಂತರೆ ಆ ಸೈಜ್ ನಿಮ್ಮದಲ್ಲ. ಬೋರ್ಡಿನ ಮೇಲೆ ಇಟ್ಟಾಗ ಬೇಸ್‌ಪ್ಲೇಟ್ ಅಂಚಿನಿಂದ ಆಚೆ ಹೋಗಬಾರದು. ಬೂಟು ಮುಂದೆ ಹಿಂದೆ ಒಂದೆರಡು ಸೆಂಟಿಮೀಟರ್ ಚಾಚಿದರೆ ಪರವಾಗಿಲ್ಲ, ಎರಡೂ ಕಡೆ ಸಮ ಇರಲಿ. ಜಾಸ್ತಿ ಚಾಚಿದರೆ ತಿರುಗುವಾಗ ಬೆರಳು ಹಿಮಕ್ಕೆ ತಗುಲಿ ಎಳೆಯುತ್ತದೆ. ಇಲ್ಲಿಯ ಗಂಡಸರ ಸೈಜ್ 11ಕ್ಕಿಂತ ದೊಡ್ಡ ಕಾಲಿದ್ದರೆ ಅಗಲದ ಬೋರ್ಡ್ ಬೇಕು, ಬೈಂಡಿಂಗ್ ಬದಲಿಸಿ ಪ್ರಯೋಜನ ಇಲ್ಲ.

ಪಟ್ಟಿಯೇ ಇಲ್ಲದೆ ಟಕ್ ಅಂತ ಕಚ್ಚಿಕೊಳ್ಳುವ ಸ್ಟೆಪ್ ಆನ್ ಬೈಂಡಿಂಗ್ ಇದೆ, ಕುಳಿತು ಎದ್ದು ಒದ್ದಾಡುವುದು ತಪ್ಪುತ್ತದೆ. ಆದರೆ ಅದಕ್ಕೆಂದೇ ಮಾಡಿದ ಬೂಟು ಬೇಕು, ಖರ್ಚು ಜಾಸ್ತಿ. ಮೊದಲ ಜೋಡಿಗೆ ಎರಡು ಪಟ್ಟಿಯದ್ದೇ ತಗೊಳ್ಳಿ, ಇದು ನನ್ನ ಅಭಿಪ್ರಾಯ. ಹೆಂಗಸರ ಮಾಡೆಲ್‌ಗಳಲ್ಲಿ ಹೈಬ್ಯಾಕ್ ಸ್ವಲ್ಪ ಗಿಡ್ಡ ಇರುತ್ತದೆ, ಮೀನಖಂಡಕ್ಕೆ ಒತ್ತದ ಹಾಗೆ. ನನ್ನ ಹೆಂಡತಿ ಅದನ್ನೇ ಕೊಂಡಳು, ಅಂಗಡಿಯವನು ಹೇಳಿದ್ದನ್ನು ಪೂರ್ತಿ ಕೇಳಿ. ನನಗಿಂತ ಒಂದು ಚಳಿಗಾಲ ಮೊದಲೇ ಕಲಿತಳು.

ಯಾವ ಕಾಲು ಮುಂದೆ ಅನ್ನುವುದಕ್ಕೆ ಇಲ್ಲಿಯವರು ಹಿಂದಿನಿಂದ ತಳ್ಳಿ ನೋಡುತ್ತಾರೆ. ನಮಗೆ ಅದು ಬೇಡ. ಹಬ್ಬದ ಹಿಂದಿನ ದಿನ ಅಮ್ಮ ಸೋಪಿನ ನೀರು ಹಾಕಿ ಜಗಲಿ ತೊಳೆಯುವಾಗ ಓಡಿ ಬಂದು ಜಾರುತ್ತಿದ್ದಿರಲ್ಲ, ಆಗ ಯಾವ ಕಾಲು ಮುಂದೆ ಇತ್ತು? ಎಡಗಾಲಾದರೆ ರೆಗ್ಯುಲರ್, ಬಲಗಾಲಾದರೆ ಗೂಫಿ. ಮುಂದಿನ ಕಾಲು ಬೋರ್ಡಿನ ಮುಂತುದಿಯ ಕಡೆಗೆ 15 ಡಿಗ್ರಿ, ಹಿಂದಿನದು ಮೈನಸ್ 6ರಿಂದ ಮೈನಸ್ 15ರೊಳಗೆ, ಅಂದರೆ ಹಿಂತುದಿಯ ಕಡೆಗೆ, ಕಾಲುಗಳ ನಡುವೆ ಭುಜದಗಲಕ್ಕಿಂತ ಸ್ವಲ್ಪ ಜಾಸ್ತಿ. ಬೋರ್ಡಿನ ಮೇಲೆ ಕಂಪನಿಯೇ ಗುರುತು ಹಾಕಿರುತ್ತದೆ, ಅಲ್ಲಿಂದ ಶುರು ಮಾಡಿ. ಸ್ಕ್ರೂಗಳನ್ನು ಮೂರನೇ ನಂಬರಿನ ಸ್ಟಾರ್ (ಇಲ್ಲಿಯವರ ಮಾತಿನಲ್ಲಿ ಫಿಲಿಪ್ಸ್) ಸ್ಕ್ರೂಡ್ರೈವರಿನಿಂದ ಕೈಯಲ್ಲೇ, ಎದುರುಬದುರು, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಎರಡು ಮೂರು ಸಲ ಇಳಿದ ಮೇಲೆ ಮತ್ತೆ ನೋಡಿ, ಸಡಿಲ ಆಗಿರಬಹುದು.

ಮಕ್ಕಳಿಗೆ ಮಾತ್ರ ಸ್ವಂತದ್ದು ಬೇಡ. ಅವರ ಕಾಲು ನಿಜವಾಗಿಯೂ ಬೆಳೆಯುತ್ತದೆ. ಇಡೀ ಸೀಸನ್ನಿಗೆ ಬಾಡಿಗೆ ಕೊಡುವ ಅಂಗಡಿಗಳಿವೆ, ಇಲ್ಲವೇ ಚಳಿಗಾಲಕ್ಕೆ ಮುಂಚೆ ನಡೆಯುವ ಸ್ಕೀ ಸ್ವಾಪ್‌ನಲ್ಲಿ, ಅಂದರೆ ಹಳೆಯ ಸಾಮಾನಿನ ಸಂತೆಯಲ್ಲಿ, ಹುಡುಕಿ.

ಮಕ್ಕಳ ಮಾತು ಬಂತಲ್ಲ, ಒಂದು ಒಪ್ಪಿಕೊಳ್ಳಬೇಕು. ಭಾನುವಾರ ಬೆಳಿಗ್ಗೆ ಕನ್ನಡ ತರಗತಿ ಇರುತ್ತದೆ, ಅದೇ ಹೊತ್ತಿಗೆ ಬೆಟ್ಟ ಖಾಲಿ ಇರುತ್ತದೆ. ಎರಡು ಚಳಿಗಾಲ ನಾವು ಬೆಟ್ಟಕ್ಕೆ ಹೋದೆವು. ಊರೊಳಗಿನ ಕೆನಡಾ ಒಲಿಂಪಿಕ್ ಪಾರ್ಕಿನ ಇಳಿಜಾರಿನಲ್ಲಿ ಮಗಳು ಈ ನೆಲದವಳು, ನಾನು ನೆಂಟ. ಚೇರ್‌ಲಿಫ್ಟಿನಲ್ಲಿ ನನಗೆ ಎಲ್ಲವನ್ನೂ ಹೇಳಿಕೊಡುತ್ತಾಳೆ, ಇಂಗ್ಲಿಷಿನಲ್ಲಿ. 1988ರ ಚಳಿಗಾಲದ ಒಲಿಂಪಿಕ್ಸ್ ಈ ಊರಿನಲ್ಲಿ ನಡೆದಾಗ ಸ್ನೋಬೋರ್ಡ್ ಅದರಲ್ಲಿ ಇರಲೇ ಇಲ್ಲ, ಬಂದದ್ದು 1998ರಲ್ಲಿ ನಗಾನೊದಲ್ಲಿ. ಆದರೆ 1988ರಲ್ಲಿ ಶೈಲಜಾ ಕುಮಾರ್ ನಮ್ಮ ದೇಶದಿಂದ ಅದೇ ಒಲಿಂಪಿಕ್ಸಿಗೆ ಬಂದು ಸ್ಲಾಲಮ್ ಎನ್ನುವ ಸ್ಕೀ ಸ್ಪರ್ಧೆಯಲ್ಲಿ ಇಳಿದಿದ್ದರು, ಚಳಿಗಾಲದ ಒಲಿಂಪಿಕ್ಸಿಗೆ ಹೋದ ಮೊದಲ ಭಾರತೀಯ ಹೆಣ್ಣುಮಗಳು. ಮಗಳಿಗೆ ಹೇಳಿದೆ. "ಓಕೆ ಅಪ್ಪಾ" ಅಂದಳು, ಬಾರ್ ಎತ್ತಿದಳು, ಇಳಿದಳು.

ಒಂದು ದಿನ ಅವಳ ಅಜ್ಜ, ನನ್ನ ಅಪ್ಪ, ವಿಡಿಯೊ ಕಾಲ್‌ನಲ್ಲಿ ಏನು ಮಾಡಿದೆ ಪುಟ್ಟೀ ಇವತ್ತು ಎಂದು ಕೇಳಿದರು. ಅವಳು ಬಾಯಿ ತೆರೆದಳು, ಮುಚ್ಚಿದಳು. ಹೇಳಲು ಪದ ಇರಲಿಲ್ಲ. ಬೈಂಡಿಂಗ್ ತಂದು ಕ್ಯಾಮರಾಕ್ಕೆ ತೋರಿಸಿದಳು. ಅಪ್ಪ ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿ, "ಕೊನೆಗಾರ ಅಡಿಕೆ ಮರ ಹತ್ತುವಾಗ ಕಾಲಿಗೆ ಹಗ್ಗ ಹಾಕ್ಕೊಳ್ತಾನಲ್ಲ, ಹಾಂಗೆ ಇದು" ಅಂದರು. ಆಮೇಲೆ, "ಅದು ಅವನವನ ಕಾಲಿಗೆ ಅವನೇ ಕಟ್ಕೊಳ್ಳೋದು. ಇನ್ನೊಬ್ಬನ ಹಗ್ಗ ಆಗೋದಿಲ್ಲ." ಅಪ್ಪ ಹಿಮ ನೋಡಿಲ್ಲ. ನಾನು ಎರಡು ಚಳಿಗಾಲ, ಇನ್ನೂರು ಮುನ್ನೂರು ಡಾಲರ್, ಒಂದು ಮಣಿಕಟ್ಟು ಕೊಟ್ಟು ಕಲಿತದ್ದನ್ನು ಚಾವಡಿಯಲ್ಲಿ ಕೂತು ಎರಡು ಮಾತಿನಲ್ಲಿ ಹೇಳಿ, ಕಾಫಿ ತಣ್ಣಗಾಯಿತು ಅಂತ ಎದ್ದು ಹೋದರು.

ಅಂದಿನಿಂದ ಬೆಟ್ಟದಲ್ಲಿ ನಾವು ಕನ್ನಡದಲ್ಲೇ ಕೂಗುತ್ತೇವೆ. ಹಿಂದಿನ ಅಂಚಿಗೆ ಹಿಮ್ಮಡಿ, ಮುಂದಿನದಕ್ಕೆ ತುದಿಗಾಲು, ಮಂಡಿ ಬಗ್ಗಿಸು ಅನ್ನುವುದಕ್ಕೆ ಕುಕ್ಕರಗಾಲು. ಕುಕ್ಕರಗಾಲಿನಲ್ಲಿ ಕೂತು ಬೆಳೆದವರಿಗೆ ಈ ಆಟದಲ್ಲಿ ಅರ್ಧ ಕೆಲಸ ಮುಗಿದ ಹಾಗೆ, ಅದೊಂದು ನಮ್ಮ ಅನುಕೂಲ. ಮಗಳು ಹಿಮ್ಮಡಿ ಅನ್ನುವುದನ್ನು ಹಿಮಕ್ಕೆ ಸಂಬಂಧಪಟ್ಟ ಪದ ಅಂದುಕೊಂಡಿದ್ದಾಳೆ. ಸದ್ಯಕ್ಕೆ ತಿದ್ದಲು ಹೋಗಿಲ್ಲ.

ಅಂಗಡಿಯ ಕೆಲಸ ಆದ ಮೇಲೆ ಯಾರಾದರೂ ಜೋಡಿಸಿಕೊಡಬೇಕು ಅನಿಸಿದರೆ ನಮ್ಮ ಗ್ಯಾರೇಜಿಗೆ ಬನ್ನಿ. ಬೂಟು ತನ್ನಿ, ಬೋರ್ಡ್ ತನ್ನಿ, ಸ್ಕ್ರೂಡ್ರೈವರ್ ನನ್ನ ಹತ್ತಿರ ಇದೆ, ಡ್ರಿಲ್ ತರಬೇಡಿ. ಹಾಂ, ಆ ಇಎಸ್‌ಟಿ ಜೋಡಿ ಇನ್ನೂ ಬೇಸ್‌ಮೆಂಟಿನಲ್ಲೇ ಬಿದ್ದಿದೆ. ಚಾನೆಲ್ ಇರುವ ಬೋರ್ಡ್ ಯಾರ ಹತ್ತಿರವಾದರೂ ಇದ್ದರೆ ಹೇಳಿ, 80 ಡಾಲರ್. ಚೌಕಾಸಿಗೆ ಅವಕಾಶ ಇದೆ. ಆದರೆ ಬೋರ್ಡಿನ ಫೋಟೊ ತೋರಿಸಿದ ಮೇಲೆ.