ಫೈಲ್ ಪಾಯಿಂಟರ್ ಬಿಟ್ಟು ನನ್ನದೇ ಸ್ಟ್ರೀಮ್ ಕಟ್ಟಿಕೊಂಡಿದ್ದು

ಸಿ ಭಾಷೆಯಲ್ಲಿ ಬರೆದ ನನ್ನ ಪಾರ್ಸರ್, ಅಂದರೆ ದಾಖಲೆ ಓದಿ ಬಿಡಿಸುವ ಪ್ರೋಗ್ರಾಂ, ಶುರುವಿನಲ್ಲಿ ಕೇಳುತ್ತಿದ್ದದ್ದು ಒಂದು ಫೈಲ್ ಪಾಯಿಂಟರ್ (ತೆರೆದ ಫೈಲಿನ ಹಿಡಿಕೆ) ಮಾತ್ರ. ಡಿಸ್ಕಿನಲ್ಲಿರುವ ದಾಖಲೆ ಓದಲು ಅಷ್ಟು ಸಾಕಿತ್ತು. ಆಮೇಲೆ ಅದೇ ದಾಖಲೆ ಮೆಮೊರಿಯಲ್ಲಿ ಬರತೊಡಗಿತು, ಜಿಜಿಪ್ ಆಗಿ (ಕುಗ್ಗಿಸಿದ ರೂಪದಲ್ಲಿ) ಬರತೊಡಗಿತು, ಕೊನೆಗೆ ಸಾಕೆಟ್ಟಿನಿಂದಲೂ (ನೆಟ್‌ವರ್ಕ್ ಸಂಪರ್ಕದಿಂದಲೂ) ಬಂತು. ಬಂದದ್ದನ್ನೆಲ್ಲ ತಾತ್ಕಾಲಿಕ ಫೈಲಿಗೆ ಸುರಿದು, ಅದನ್ನು ಮತ್ತೆ ತೆರೆದು ಓದುತ್ತಿದ್ದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಕೆಲವು ತಿಂಗಳು ಹಾಗೇ ನಡೆಯಿತು.

ಮೆಮೊರಿಯನ್ನು ಫೈಲಿನಂತೆ ತೋರಿಸುವ ಎಫ್‌ಮೆಮ್‌ಓಪನ್ ಎಂಬ ಫಂಕ್ಷನ್ ಯೂನಿಕ್ಸ್ ಮಾದರಿಯ ಸಿಸ್ಟಂಗಳ ಮಾನದಂಡವಾದ ಪೋಸಿಕ್ಸ್ 2008ರಲ್ಲಿದೆ, ವಿಂಡೋಸ್‌ನ ಸಿ ಲೈಬ್ರರಿಯಲ್ಲಿಲ್ಲ. ಫೈಲ್ ಪಾಯಿಂಟರಿನ ಹಿಂದೆ ನಮ್ಮದೇ ಫಂಕ್ಷನ್‌ಗಳನ್ನು ಕೂರಿಸಲು ಲಿನಕ್ಸ್‌ನಲ್ಲಿ ಬಳಸುವ ಸಿ ಲೈಬ್ರರಿ ಗ್ಲಿಬ್‌ಸಿಯಲ್ಲಿ ಎಫ್‌ಓಪನ್‌ಕುಕೀ, ಯೂನಿಕ್ಸ್ ವಂಶದ ಬಿಎಸ್‌ಡಿಯಲ್ಲಿ ಫನ್‌ಓಪನ್. ಹೆಸರೂ ಬೇರೆ, ಕೊಡಬೇಕಾದ ಆರ್ಗ್ಯುಮೆಂಟ್‌ಗಳೂ ಬೇರೆ. ಹಾಗಾಗಿ ನನ್ನದೇ ಸ್ಟ್ರೀಮ್ (ಬೈಟ್‌ಗಳು ಹರಿದು ಬರುವ ದಾರಿ) ಎಂದು ಒಂದು ಸ್ಟ್ರಕ್ಟ್ (ಹಲವು ಮೌಲ್ಯಗಳ ಕಟ್ಟು) ಬರೆದೆ: ಓದಲು, ಬರೆಯಲು, ಮುಚ್ಚಲು ಒಂದೊಂದು ಫಂಕ್ಷನ್ ಪಾಯಿಂಟರ್ (ಕರೆಯಬೇಕಾದ ಫಂಕ್ಷನ್ನಿನ ವಿಳಾಸ), ಜೊತೆಗೆ ಆಯಾ ಸ್ಟ್ರೀಮಿನ ಸ್ವಂತ ಡೇಟಾಗೆ ಒಂದು ವಾಯ್ಡ್ ಪಾಯಿಂಟರ್ (ಯಾವ ಬಗೆಯ ಡೇಟಾವನ್ನಾದರೂ ತೋರಿಸಬಲ್ಲ ವಿಳಾಸ). ಅರ್ಧ ಗಂಟೆಯ ಕೆಲಸ.

ಒದ್ದಾಡಿದ್ದು ಆಮೇಲೆ, ಆ ಫಂಕ್ಷನ್‌ಗಳು ಏನನ್ನು ಹಿಂದಿರುಗಿಸಬೇಕು ಎಂಬಲ್ಲಿ. ಓದುವ ಫಂಕ್ಷನ್ನಿನ ರಿಟರ್ನ್ ಟೈಪನ್ನು ಸೈಜ್-ಟಿ ಎಂದು ಬರೆದು, ಎರರ್ ಆದರೆ -1 ಕೊಡುವಂತೆ ಮಾಡಿದ್ದೆ. ಸೈಜ್-ಟಿ ಅಳತೆ ಹೇಳುವ ಟೈಪ್, ಅದಕ್ಕೆ ಋಣ ಸಂಖ್ಯೆ ಗೊತ್ತಿಲ್ಲ. 64 ಬಿಟ್ ಯಂತ್ರದಲ್ಲಿ ಆ -1 ಹೊರಬಂದದ್ದು 18446744073709551615 ಆಗಿ. ಸೊನ್ನೆಗಿಂತ ಕಡಿಮೆಯೇ ಎಂಬ ನನ್ನ ಪರೀಕ್ಷೆ ಒಮ್ಮೆಯೂ ನಿಜವಾಗಲಿಲ್ಲ. ಪಾರ್ಸರ್ ಅಷ್ಟೂ ಬೈಟ್ ಬಂದಿದೆ ಎಂದು ನಂಬಿ ಬಫರ್ (ಬಂದ ಬೈಟ್‌ಗಳನ್ನು ಇಡುವ ಜಾಗ) ದಾಟಿ ಓಡಿತು. ಕಂಪೈಲರ್ ಎಚ್ಚರಿಸುತ್ತಿತ್ತು, ವಾರ್ನಿಂಗ್ ಆನ್ ಮಾಡಿದ್ದರೆ. ಈಗ ಎಣಿಕೆಗೂ ಸ್ಥಿತಿಗೂ ನಂಟಿಲ್ಲ: ಎಷ್ಟು ಬೈಟ್ ಎಂಬುದು ಒಂದು ಪಾಯಿಂಟರ್ ಮೂಲಕ ಬರುತ್ತದೆ, ರಿಟರ್ನ್ ಆಗುವುದು ಸರಿ, ಮುಗಿಯಿತು, ಎರರ್ ಈ ಮೂರರಲ್ಲಿ ಒಂದು.

ಎರಡನೆಯ ಪೆಟ್ಟು ಸಾಕೆಟ್ಟಿನದು. ಪ್ರತಿ ದಾಖಲೆಯ ತಲೆಯಲ್ಲಿ ಅದರ ಉದ್ದ ಹೇಳುವ 4 ಬೈಟ್ ಇರುತ್ತದೆ. ಫೈಲಿನಿಂದ 4 ಕೇಳಿದರೆ ಯಾವಾಗಲೂ 4 ಸಿಗುತ್ತಿತ್ತು. ಸಾಕೆಟ್ ಒಮ್ಮೊಮ್ಮೆ 3 ಕೊಟ್ಟು ಸುಮ್ಮನಾಗುತ್ತಿತ್ತು, ಉಳಿದ ಒಂದು ಮುಂದಿನ ಕರೆಗೆ. ಅದು ತಪ್ಪಲ್ಲ, ಅದರ ಸ್ವಭಾವ. ನೆಟ್‌ವರ್ಕ್ ಕೃಪೆಗೆ ಕಾದು ಇಂಥ ಬಗ್ ಹಿಡಿಯಲು ಆಗುವುದಿಲ್ಲವೆಂದು ಒಂದು ತರಲೆ ಸ್ಟ್ರೀಮ್ ಬರೆದೆ. ಇನ್ನೊಂದು ಸ್ಟ್ರೀಮಿನ ಮೇಲೆ ಕೂತು, ಎಷ್ಟೇ ಕೇಳಿದರೂ ಒಂದೇ ಬೈಟ್ ಕೊಡುವುದು ಅದರ ಕೆಲಸ. ಹತ್ತು-ಹದಿನೈದು ಸಾಲು ಅಷ್ಟೆ. ಎಲ್ಲ ಟೆಸ್ಟ್‌ಗಳನ್ನೂ ಅದರ ಮೂಲಕ ಓಡಿಸಿದ ದಿನ, ಹಸಿರಾಗಿದ್ದವುಗಳಲ್ಲಿ (ಪಾಸಾಗುತ್ತಿದ್ದವುಗಳಲ್ಲಿ) ಏಳು ಬಿದ್ದವು. ಈ ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಉಪಕಾರ ಮಾಡಿದ ಕೋಡ್ ಅದೇ.

ಬರೆಯುವ ಕಡೆ ಒಂದೇ ಮಾತು: ಮುಚ್ಚುವ ಫಂಕ್ಷನ್ ಕೊಡುವ ಉತ್ತರ ನೋಡಿ. ಬಫರಿನಲ್ಲಿ ಉಳಿದದ್ದು ಡಿಸ್ಕಿಗೆ ಹೋಗುವುದು ಆಗಲೇ. ಡಿಸ್ಕ್ ತುಂಬಿದ್ದರೆ ಗೊತ್ತಾಗುವುದೂ ಆಗಲೇ.

ವೇಗದ ಚಿಂತೆಯೂ ಇತ್ತು. ಬೈಟಿಗೊಂದು ಫಂಕ್ಷನ್ ಪಾಯಿಂಟರ್ ಕರೆ ಎಂದರೆ ದುಬಾರಿ. ಬಫರನ್ನು ಮೂಲ ಸ್ಟ್ರಕ್ಟಿನೊಳಗೇ ಇಟ್ಟೆ. ಮುಂದಿನ ಬೈಟ್ ಕೊಡುವ ಇನ್‌ಲೈನ್ (ಕರೆಯ ಜಾಗದಲ್ಲೇ ಸೇರಿಕೊಳ್ಳುವ) ಫಂಕ್ಷನ್ ಬಫರ್ ಖಾಲಿಯಾದಾಗಷ್ಟೇ ಪಾಯಿಂಟರ್ ಮೂಲಕ ಹೋಗುತ್ತದೆ. ಒಂದೊಂದೇ ಅಕ್ಷರ ಓದುವ ಹಳೆಯ ಗೆಟ್‌ಸಿ ಮ್ಯಾಕ್ರೋಗಳು ಮಾಡುತ್ತಿದ್ದದ್ದೂ ಇದನ್ನೇ.

ಈ ಬಫರಿನಿಂದ ಇನ್ನೊಂದು ಲಾಭ ಸಿಕ್ಕಿತು. ಬಂದದ್ದು ಜಿಜಿಪ್ಪೇ ಎಂದು ತಿಳಿಯಲು ಮೊದಲ ಎರಡು ಬೈಟ್ ನೋಡಬೇಕು: 31, 139. ಅದಕ್ಕೆಂದೇ ಇಂಟರ್‌ಫೇಸಿನಲ್ಲಿ ಮೊದಲು ಸೀಕ್ (ಓದುವ ಜಾಗ ಹಿಂದೆ ಮುಂದೆ ಸರಿಸುವ ಫಂಕ್ಷನ್) ಕೂಡ ಇಟ್ಟಿದ್ದೆ, ಸಾಕೆಟ್ಟಿನಲ್ಲಿ ಹಿಂದೆ ಹೋಗುವುದು ಆಗದ ಮಾತು ಎಂದು ಗೊತ್ತಿದ್ದೂ. ಅನ್‌ಗೆಟ್‌ಸಿಯೂ ಖಾತರಿಯಾಗಿ ಹಿಂದಕ್ಕೆ ತಳ್ಳುವುದು ಒಂದೇ ಬೈಟ್. ಬಫರ್ ನನ್ನದೇ ಆದ ಮೇಲೆ ಸೀಕ್ ಕಿತ್ತು ಹಾಕಿ ಇಣುಕುವ ಫಂಕ್ಷನ್ ಸೇರಿಸಿದೆ. ಎರಡು ಬೈಟ್ ಸೇರುವವರೆಗೆ ತುಂಬು, ನೋಡು, ಓದುವ ಜಾಗ ಕದಲಿಸಬೇಡ. ಮೊದಲ ಸಲ ‘ಸೇರುವವರೆಗೆ’ ಎಂಬುದನ್ನು ಮರೆತು ಒಂದೇ ಸಲ ತುಂಬಿಸಿದ್ದೆ. ತರಲೆ ಸ್ಟ್ರೀಮ್ ಅದನ್ನೂ ಹಿಡಿಯಿತು.