ತ್ವಾಲ್ ಹೊಲಿದು ಬ್ಲೌಸ್ ಕಟ್ ಮಾಡೋದು: ನನ್ನ ಅನುಭವ

ತ್ವಾಲ್ ಅಂದ ತಕ್ಷಣ ಬಿಳಿ ಬಟ್ಟೆ ಮೇಲೆ ಒಂದೇ ಬಣ್ಣದಲ್ಲಿ ಹಳ್ಳಿ ಸೀನರಿ ಇರೋ ಪರದೆ ಪ್ರಿಂಟ್ ಅನ್ಕೋಬೇಡಿ, ಅದು ತ್ವಾಲ್ ದ ಜೂಯಿ, ವರ್ಸಾಯ್ ಹತ್ರ ಜೂಯಿ ಊರಲ್ಲಿ ಓಬರ್‌ಕಾಂಫ್ ಅನ್ನೋರು 1760ರಲ್ಲಿ ಶುರು ಮಾಡಿದ ಕಾರ್ಖಾನೆದು. ಫ್ರೆಂಚಲ್ಲಿ ತ್ವಾಲ್ ಅಂದ್ರೆ ಸಾದಾ ಬಟ್ಟೆ ಅಷ್ಟೇ. ಪ್ಯಾರಿಸ್ ಹೊಲಿಗೆ ಮನೆಗಳಲ್ಲಿ ಅಸಲಿ ಬಟ್ಟೆಗೆ ಕತ್ತರಿ ಹಾಕೋ ಮುಂಚೆ ಅಗ್ಗದ ಕೋರಾ ಕಾಟನ್‌ನಲ್ಲಿ ಹೊಲಿಯೋ ಟ್ರಯಲ್ ಪೀಸಿಗೂ ಅದೇ ಹೆಸರು.

ನಾನು ಇದಕ್ಕೆ ಕೈ ಹಾಕಿದ್ದು ಗಿರಾಕಿ ಒಬ್ಬರ ಮೈಸೂರು ಸಿಲ್ಕ್ ಬ್ಲೌಸ್ ಪೀಸ್ ಹಾಳು ಮಾಡಿದ್ಮೇಲೆ. ಸೀರೆ ಜೊತೆ ಬಂದಿದ್ದು, ಇನ್ನೊಂದು ಸಿಗಲ್ಲ, ಆರ್ಮ್‌ಹೋಲ್ ಟೈಟು, ಕೈಯಿಂದ ಸುಮಾರು ಮೂರು ಸಾವಿರ ಕಟ್ಕೊಟ್ಟೆ. ತ್ವಾಲ್ ಹೊಲೀತೀನಿ ಅಂದಾಗ ಪಕ್ಕದ ಟೈಲರ್ ಮಾಸ್ಟರ್ ಅಂತೂ, ಒಂದು ಬ್ಲೌಸನ್ನ ಎರಡೆರಡು ಸಲ ಹೊಲಿದ್ರೆ ಬಾಡಿಗೆ ಯಾರು ಕಟ್ತಾರೆ ಅಂದ್ರು.

ಮೊದಲ ನಾಲ್ಕೈದು ತ್ವಾಲ್ ಫೇಲೇ. ದಪ್ಪ ಕೋರಾದಲ್ಲಿ ಕೂತ ಫಿಟಿಂಗು ಕ್ರೇಪಲ್ಲಿ ಸಡಿಲ ಆಗೋದು, ಕ್ರೇಪ್ ನೂಲಿಗೆ ಹುರಿ ಜಾಸ್ತಿ, ಮೈ ಮೇಲೆ ಹಿಗ್ಗುತ್ತೆ. ಆಮೇಲೆ ಸಿಲ್ಕ್ ಕ್ರೇಪಿಗೆಲ್ಲ ಹಳೇ ಜಾರ್ಜೆಟ್ ಸೀರೇಲೇ ತ್ವಾಲ್ ಹೊಲಿಯೋಕೆ ಶುರು ಮಾಡ್ದೆ, ಸರಿಹೋಯ್ತು. ಇನ್ನೊಬ್ಬ ಗಿರಾಕಿ ಟ್ರಯಲ್‌ಗೆ ಒಂದು ಒಳಉಡುಪು, ಮದುವೆ ದಿನ ಬೇರೆ ಹಾಕಿದ್ರು, ಇಡೀ ಕಟೋರಿ (ಬ್ಲೌಸಿನ ಎದೆ ಬಟ್ಟಲು) ಕೆಳಗೆ ಕೂತ್ಬಿಡ್ತು, ಅವತ್ತಿಂದ ಅದನ್ನ ಮೊದಲೇ ಕೇಳ್ತೀನಿ.

ಆಮೇಲೆ ಬಿಚ್ಚೋದು ಇದೆಯಲ್ಲ, ಈಗ ತ್ವಾಲಿಗೆ ಉದ್ದ ಟಾಕಾ ಹಾಕ್ತೀನಿ, ಅಂಚಿಗೆ ಓವರ್‌ಲಾಕ್ ಇಲ್ಲ. ಎದೆ ಅಡ್ಡಕ್ಕೆ ಪೆನ್ಸಿಲಲ್ಲಿ ಒಂದು ಗೆರೆ, ಹಾಕ್ಕೊಂಡಾಗ ಆ ಗೆರೆ ಯಾವ ಕಡೆ ಮೇಲೆ ಎಳೀತೋ ಅಲ್ಲೇ ಬಟ್ಟೆ ಕಮ್ಮಿ. ಅಲ್ಲಿ ಸೀದಾ ಕತ್ತರಿ ಹಾಕಿದ್ರೆ ಬಾಯಿ ಬಿಡುತ್ತೆ, ಅರ್ಧ ಇಂಚೋ ಮುಕ್ಕಾಲೋ, ಆ ಸಂದಿಗೆ ಚೂರು ತುಂಡು ಪಿನ್ ಮಾಡಿ ಕೆಂಪು ಪೆನ್ನಲ್ಲಿ ಗುರುತು. ಬಿಚ್ಚಿ ಇಸ್ತ್ರಿ ಮಾಡಿದ್ರೆ ಅದೇ ಪ್ಯಾಟರ್ನ್. ಬೆನ್ನಿನ ಗ್ಯಾಪ್‌ಗೆ ಎಲ್ಲಿ ಎಷ್ಟು ಮಡಿಸ್ತೀನಿ ಅನ್ನೋದು ಮಾತ್ರ ಬರೆಯಲ್ಲ, ಅದು ನನ್ನ ಅನ್ನ.

ಪ್ಯಾರಿಸ್‌ನ ಹಳೇ ಕಾಲದ ಡಿಸೈನರ್ ಮ್ಯಾಡ್ಲೆನ್ ವಿಯೋನೆ ಸಣ್ಣ ಮರದ ಗೊಂಬೆ ಮೇಲೆ ಓರೆ ಕಟ್ (ಬಟ್ಟೆ ಎಳೆಗೆ ಅಡ್ಡಡ್ಡ ಓರೆಯಾಗಿ ಕತ್ತರಿಸೋದು) ಕೂರಿಸ್ತಿದ್ರಂತೆ, ಮಗಳ ಗೊಂಬೆ ಮೇಲೆ ನಾನೂ ಓರೆ ತೋಳು ಟ್ರೈ ಮಾಡ್ದೆ, ಗೊಂಬೆಗೆ ಚೆನ್ನಾಗಿ ಬಂತು, ಮನುಷ್ಯರ ತೋಳಿಗೆ ಇನ್ನೂ ತಿರುಚ್ತಿದೆ.

ಖರ್ಚು ಬಟ್ಟೆಗೆ 60-70 ರೂಪಾಯಿ, ಒಂದು ಗಂಟೆ ಕೆಲಸ. ಮೊದಲ ಸಲಕ್ಕೆ ಮಾತ್ರ 300 ಜಾಸ್ತಿ ತಗೋತೀನಿ. ಮುಂಚೆ ಹತ್ತರಲ್ಲಿ ನಾಲ್ಕು ಆಲ್ಟರೇಶನ್‌ಗೆ ವಾಪಸ್ ಬರ್ತಿತ್ತು, ಈಗ ಒಂದು ಬಂದ್ರೆ ಹೆಚ್ಚು. ಹೋದ ತಿಂಗಳು ಆ ಮಾಸ್ಟರೇ ತಮ್ಮ ಮಗಳ ಧಾರೆ ಬ್ಲೌಸ್ ಪೀಸ್ ತಂದು, ಮೊದಲು ನಿನ್ ಕೋರಾದಲ್ಲಿ ಹೊಲಿ ಅಂದ್ರು.