ಸೊಲೊಮನ್ ದ್ವೀಪಗಳಲ್ಲಿ ಆಕ್ಸಿಜನ್ ಯಂತ್ರಗಳನ್ನು ಉಳಿಸಿಕೊಂಡ ಬಗೆ

ಸೊಲೊಮನ್ ದ್ವೀಪಗಳ ಒಂದು ಪ್ರಾಂತೀಯ ಆಸ್ಪತ್ರೆಯಲ್ಲಿ ಬಯೋಮೆಡಿಕಲ್ ಎಂಜಿನಿಯರ್ ಆಗಿದ್ದ ಕಾಲದಲ್ಲಿ ನಾನು ಹೆಚ್ಚು ಹೊತ್ತು ಕೆಲಸ ಮಾಡಿದ್ದು ಮಕ್ಕಳ ವಾರ್ಡಿನಲ್ಲಿ ಸುತ್ತಲ ಗಾಳಿಯಿಂದಲೇ ಆಕ್ಸಿಜನ್ ಬೇರ್ಪಡಿಸಿಕೊಡುವ ಯಂತ್ರಗಳಾದ ಆಕ್ಸಿಜನ್ ಕಾನ್ಸಂಟ್ರೇಟರ್‌ಗಳ ಮೇಲೆ. ನ್ಯುಮೋನಿಯಾದಿಂದ ಏದುಸಿರು ಬಿಡುವ ಕೂಸಿಗೆ ಅಲ್ಲಿ ಆ ಯಂತ್ರವೇ ಮುಖ್ಯ ಆಸರೆ. ತುಂಬಿದ ಸಿಲಿಂಡರ್ ಬೇಕೆಂದರೆ ರಾಜಧಾನಿ ಹೊನಿಯಾರಾದಿಂದ ಹಡಗಿನಲ್ಲಿ ಬರಬೇಕು, ಮತ್ತು ಆರು ದೊಡ್ಡ ದ್ವೀಪಗಳೂ ನೂರಾರು ಚಿಕ್ಕ ದ್ವೀಪಗಳೂ ಸಮುದ್ರದಲ್ಲಿ ಹರಡಿಕೊಂಡಿರುವ ಆ ದೇಶದಲ್ಲಿ ಹಡಗು ಹೊರಡುವುದು ಹವಾಮಾನವನ್ನು ನೋಡಿಕೊಂಡು.

ಕಾನ್ಸಂಟ್ರೇಟರ್‌ನ ಒಳಗಿನ ಕೆಲಸ ತಿಳಿಯದೆ ಅದರ ಆರೈಕೆ ಸಾಧ್ಯವಿಲ್ಲ. ಕಂಪ್ರೆಸರ್ ಎಂಬ ಭಾಗವು ಕೋಣೆಯ ಗಾಳಿಯನ್ನು ಒತ್ತಿ, ಜಿಯೋಲೈಟ್ ಹರಳು ತುಂಬಿದ ಎರಡು ಕೊಳವೆಗಳಿಗೆ ಸರದಿಯಂತೆ ಕಳಿಸುತ್ತದೆ. ಹರಳು ನೈಟ್ರೋಜನ್ ಅನ್ನು ಹಿಡಿದಿಟ್ಟುಕೊಳ್ಳುವುದರಿಂದ ಸುಮಾರು ಶೇ 93ರಷ್ಟು ಆಕ್ಸಿಜನ್ ಇರುವ ಗಾಳಿ ಹೊರಬರುತ್ತದೆ. ಆದರೆ ಜಿಯೋಲೈಟ್ ನೈಟ್ರೋಜನ್‌ಗಿಂತ ನೀರಿನ ಆವಿಯನ್ನು ಬಿಗಿಯಾಗಿ ಹಿಡಿಯುತ್ತದೆ, ಒಮ್ಮೆ ಹಿಡಿದರೆ ಸುಲಭವಾಗಿ ಬಿಡುವುದಿಲ್ಲ. ವರ್ಷದ ಬಹುಪಾಲು ತೇವದಿಂದ ಭಾರವಾಗಿರುವ ಉಪ್ಪುಗಾಳಿಯಲ್ಲಿ ಹರಳು ಬೇಗ ಸೋಲುತ್ತದೆ. ಹೀಗೆ ಸೋತ ಯಂತ್ರವೂ ಎಂದಿನಂತೆ ಸದ್ದು ಮಾಡುತ್ತದೆ, ಗಾಳಿಯ ಹರಿವು ತೋರಿಸುವ ಅಳತೆಗೊಳವೆಯಲ್ಲಿ ಗುಂಡು ಎಂದಿನ ಎತ್ತರದಲ್ಲೇ ತೇಲುತ್ತದೆ. ಬಣ್ಣವಿಲ್ಲದ, ವಾಸನೆಯಿಲ್ಲದ ಆ ಗಾಳಿಯಲ್ಲಿ ಆಕ್ಸಿಜನ್ ಎಷ್ಟಿದೆ ಎಂಬುದು ಮಾತ್ರ ಹೊರಗಿನಿಂದ ಕಾಣುವುದಿಲ್ಲ. ನನ್ನ ನಿದ್ದೆ ಕೆಡಿಸಿದ ಸಂಗತಿ ಇದು.

ಸ್ಥಳೀಯ ಟೆಕ್ನಿಷಿಯನ್ ಮತ್ತು ನಾನು ವಾರ್ಡಿನಲ್ಲಿ ಓಡುತ್ತಿದ್ದ ಒಂದು ಯಂತ್ರಕ್ಕೆ ಆಕ್ಸಿಜನ್ ಪ್ರಮಾಣ ಅಳೆಯುವ ಅನಲೈಸರ್ ಹಿಡಿದಾಗ ಅದು ತೋರಿಸಿದ್ದು ಶೇ 60ರ ಆಸುಪಾಸು. ಹಿಂಬದಿಯ ಮುಚ್ಚಳ ತೆಗೆದು ನೋಡಿದರೆ ಸ್ಪಂಜಿನ ಫಿಲ್ಟರ್ ಮೇಲೆ ಬಟ್ಟೆಯ ನೂಲು, ಧೂಳು ಮತ್ತು ಉಪ್ಪು ಸೇರಿ ಕಂಬಳಿಯಂತೆ ಹೆಪ್ಪುಗಟ್ಟಿತ್ತು. ಒಳಗಿನ ತಂತಿಗಳ ತುದಿಯಲ್ಲಿ ಹಸಿರು ಕಿಲುಬು ಹಿಡಿದಿತ್ತು. ಕಿಲುಬನ್ನು ಕೆರೆದು ತುದಿಗಳನ್ನು ಹೊಸದಾಗಿ ಜೋಡಿಸಿ, ಫಿಲ್ಟರ್ ತೊಳೆದ ಮೇಲೆ ಶುದ್ಧತೆ ಸ್ವಲ್ಪ ಏರಿತು, ಸಾಲುವಷ್ಟು ಏರಲಿಲ್ಲ. ಹರಳಿನ ಕೊಳವೆಗಳನ್ನೇ ಬದಲಿಸಬೇಕಾಯಿತು.

ಅಲ್ಲಿಂದ ವಾರಕ್ಕೊಮ್ಮೆ ಪ್ರತಿ ಯಂತ್ರದ ಆಕ್ಸಿಜನ್ ಪ್ರಮಾಣವನ್ನು ಅಳೆದು, ಅಂಕಿಯನ್ನು ಯಂತ್ರಕ್ಕೇ ಕಟ್ಟಿದ ಕಾರ್ಡಿನಲ್ಲಿ ಬರೆಯುವ ಕ್ರಮ ತಂದೆವು. ಶೇ 85ಕ್ಕಿಂತ ಇಳಿದರೆ ಆ ಯಂತ್ರವನ್ನು ವಾರ್ಡಿನಿಂದ ತೆಗೆಯಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಫಿಲ್ಟರ್ ತೊಳೆಯುವ ಹೊಣೆಯನ್ನು ದಾದಿಯರು ಸ್ವತಃ ಕೇಳಿ ವಹಿಸಿಕೊಂಡರು. ಒದ್ದೆ ಫಿಲ್ಟರ್ ಹಾಕಿದರೆ ತೇವವನ್ನು ನಾವೇ ಒಳಗೆ ಕಳಿಸಿದಂತಾಗುವುದರಿಂದ, ಒಂದು ಒಣಗುವಾಗ ಇನ್ನೊಂದು ಕೆಲಸದಲ್ಲಿರಲಿ ಎಂದು ಪ್ರತಿ ಯಂತ್ರಕ್ಕೂ ಎರಡು ಇಟ್ಟೆವು. ಉಗ್ರಾಣದಲ್ಲಿ ಹೊಸದಾಗಿಯೇ ಇರಲಿ ಎಂದು ಪೆಟ್ಟಿಗೆಯಲ್ಲಿ ಮುಚ್ಚಿಟ್ಟಿದ್ದ ಯಂತ್ರಗಳನ್ನು ಹೊರತೆಗೆದು ಆಗಾಗ ಕೆಲವು ಗಂಟೆ ಓಡಿಸಲಾರಂಭಿಸಿದೆವು. ಬಳಸದೆ ಇಟ್ಟ ಯಂತ್ರದ ಹರಳು ಕೂತಲ್ಲೇ ತೇವ ಹೀರಿ ಹಾಳಾಗುತ್ತದೆ ಎಂಬುದನ್ನು ಉಗ್ರಾಣದವರಿಗೆ ಮನದಟ್ಟು ಮಾಡಲು ಅನಲೈಸರ್‌ನ ಅಂಕಿಯನ್ನೇ ತೋರಿಸಬೇಕಾಯಿತು.

ವಿದ್ಯುತ್ತಿನದು ಬೇರೆಯದೇ ಸಮಸ್ಯೆ. ಅಲ್ಲಿಯ ಪೂರೈಕೆ ನಮ್ಮ ದೇಶದಂತೆಯೇ 50 ಹರ್ಟ್ಸ್ (ಅಂದರೆ ಸೆಕೆಂಡಿಗೆ 50 ಆವರ್ತ), ವೋಲ್ಟೇಜ್ 230ರಿಂದ 240ರ ನಡುವೆ. ಅಮೆರಿಕದಿಂದ ದಾನವಾಗಿ ಬಂದ ಯಂತ್ರ 120 ವೋಲ್ಟ್, 60 ಹರ್ಟ್ಸ್‌ನದ್ದು. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆಯೇ ಹೊರತು ಹರ್ಟ್ಸ್ ಬದಲಿಸುವುದಿಲ್ಲ; ಹಾಗಾಗಿ ಕಂಪ್ರೆಸರ್‌ನ ಮೋಟಾರು ಆರರಲ್ಲಿ ಒಂದು ಪಾಲು ನಿಧಾನವಾಗಿ ತಿರುಗುತ್ತದೆ, ಅತಿಯಾಗಿ ಬಿಸಿಯಾಗುತ್ತದೆ, ಗಾಳಿಯನ್ನೂ ಕಡಿಮೆ ಒತ್ತುತ್ತದೆ. ಇಂಥವನ್ನು ರೋಗಿಗಳಿಗೆ ಬಳಸದೆ, ಹೊಂದುವ ಬಿಡಿಭಾಗಗಳನ್ನಷ್ಟೇ ಬಿಚ್ಚಿಟ್ಟುಕೊಂಡೆವು. ಉಳಿದವುಗಳಿಗೆ ಸ್ಟೆಬಿಲೈಸರ್ ಜೋಡಿಸಿ, ಕರೆಂಟು ಹೋಗಿ ಜನರೇಟರ್ ನೆಲೆಗೊಳ್ಳುವವರೆಗೆ ಯಂತ್ರ ಮತ್ತೆ ಚಾಲೂ ಆಗದಂತೆ ವಿಳಂಬದ ಸ್ವಿಚ್ ಹಾಕಿಸಿದೆವು. ಆ ಹೊತ್ತಿಗೆಂದು ಹಾಸಿಗೆಯ ಪಕ್ಕದಲ್ಲಿ ಸಿಲಿಂಡರ್ ಸಿದ್ಧವಿರುತ್ತಿತ್ತು.

ದಾನವನ್ನು ಬೇಡವೆನ್ನುವುದು ಬಡ ಆಸ್ಪತ್ರೆಗೆ ಬಹಳ ಕಷ್ಟದ ಮಾತು. ಕಳಿಸುವವರ ಮನಸ್ಸು ಒಳ್ಳೆಯದೇ. ಆದರೆ ಕೈಪಿಡಿಯಿಲ್ಲದ, ಬಿಡಿಭಾಗ ಸಿಗದ ಯಂತ್ರ ಬಂದರೆ ಅದನ್ನು ಇಡಲು ಜಾಗ, ಕೊನೆಗೆ ಆ ಚಿಕ್ಕ ದ್ವೀಪದಲ್ಲಿ ಹೂಳಲು ನೆಲ, ಎರಡನ್ನೂ ಆಸ್ಪತ್ರೆಯೇ ಹುಡುಕಬೇಕು. ಆದ್ದರಿಂದ ಯಾವ ವಿದ್ಯುತ್ತಿಗೆ ತಯಾರಾದದ್ದು, ಎರಡು ವರ್ಷದ ಬಿಡಿಭಾಗ ಜೊತೆಗೆ ಬರುತ್ತದೆಯೇ, ರಿಪೇರಿ ಕಲಿಸುವವರು ಯಾರು ಎಂಬುದಕ್ಕೆ ಬರಹದಲ್ಲಿ ಉತ್ತರ ಬಾರದೆ ಯಾವ ಸಾಮಾನನ್ನೂ ಹಡಗಿಗೆ ಏರಿಸಬಾರದೆಂದು ಆಸ್ಪತ್ರೆಯ ಸಮಿತಿ ತೀರ್ಮಾನಿಸಿತು. ಇದರಿಂದ ಕೆಲವು ದಾನಿಗಳು ಹಿಂದೆ ಸರಿದರು, ಕೆಲವರು ಯಂತ್ರದ ಬದಲು ಫಿಲ್ಟರ್ ಮತ್ತು ಹರಳಿನ ಕೊಳವೆಗಳನ್ನು ಕಳಿಸಿದರು. ನಮಗೆ ಬೇಕಾಗಿದ್ದುದು ಅವೇ.

ನಾನು ಹೊರಡುವ ಮೊದಲೇ ವಾರದ ಅಳತೆಯನ್ನು ಟೆಕ್ನಿಷಿಯನ್ ಒಬ್ಬರೇ ನಡೆಸುತ್ತಿದ್ದರು. ಕಾರ್ಡುಗಳ ಅಂಕಿ ಇಳಿಯುವ ವೇಗವನ್ನು ನೋಡಿ, ಮುಂದಿನ ವರ್ಷ ಎಷ್ಟು ಕೊಳವೆ ಬೇಕಾಗಬಹುದೆಂದು ಲೆಕ್ಕ ಹಾಕಿ, ಬೇಡಿಕೆಯ ಪತ್ರವನ್ನು ಪ್ರಾಂತೀಯ ಕಚೇರಿಗೆ ತಾವೇ ಬರೆದರು. ಅನಲೈಸರ್‌ನ ಸೆನ್ಸರ್ ಕೂಡ ಕಾಲಕ್ರಮೇಣ ಸವೆಯುವುದರಿಂದ ಅದನ್ನೂ ಆ ಪಟ್ಟಿಯಲ್ಲಿ ಸೇರಿಸಿದ್ದರು.